ಮಗುವೇ ಆರಿಸಿಕೊಂಡು ಕಲಿಯುವ ಶಾಲೆಗೆ ಹಾಕಬೇಕಾ? ಮಂಡ್ಯದ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಮಂಡ್ಯ ಮೇಡಂ. ನಾನು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮನೆಯವರು ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಬರುತ್ತಾರೆ. ಮಗಳಿಗೆ ಐದೂವರೆ ವರ್ಷ, ಇಲ್ಲೇ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಯುಕೆಜಿ. ದಿನಾ ಎರಡು ಪುಟ ಬರೆಸುತ್ತಾರೆ. ದಸರಾ ರಜೆ ಮುಗಿದಾಗಿನಿಂದ ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆನೋವು ಅನ್ನುತ್ತಾಳೆ, ಭಾನುವಾರ ಮಾತ್ರ ನೋವಿರುವುದಿಲ್ಲ. ಮೈಸೂರಿನ ಹೊರಗೆ ಒಂದು ಶಾಲೆ ನೋಡಿದೆವು. ಅಲ್ಲಿ ಪರೀಕ್ಷೆ ಇಲ್ಲ, ಹೋಂವರ್ಕ್ ಇಲ್ಲ, ಏನು ಕಲಿಯಬೇಕು ಅಂತ ಮಗುವೇ ಆರಿಸಿಕೊಳ್ಳುತ್ತದಂತೆ. ಎಲ್ಲವೂ ಇಂಗ್ಲಿಷಿನಲ್ಲಿ. ಫೀಸು ವರ್ಷಕ್ಕೆ 1 ಲಕ್ಷ 10 ಸಾವಿರ, ವ್ಯಾನಿಗೆ ಇನ್ನೂ 30 ಸಾವಿರ. ಮಾವನವರು ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ಆಟ ಆಡ್ಕೊಂಡಿರಕ್ಕೆ ಲಕ್ಷ ಕೊಡ್ತೀರಾ?" ಅಂತಾರೆ. ಗೆಳತಿಯೊಬ್ಬಳು ಶಾಲೆಯೇ ಬೇಡ, ಮನೆಯಲ್ಲೇ ಕಲಿಸು ಅನ್ನುತ್ತಾಳೆ. ಅಂಥ ಶಾಲೆಗೆ ಹಾಕಿದರೆ ಮಗಳು ಓದು ಬರಹ ಕಲಿಯುತ್ತಾಳಾ? ಮುಂದೆ ಎಸ್‌ಎಸ್‌ಎಲ್‌ಸಿಗೆ ಕಷ್ಟ ಆಗಲ್ವಾ?

ಉತ್ತರ: ನೋಡಿಮ್ಮ, ಶಾಲೆಯ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಆ ಹೊಟ್ಟೆನೋವು. ಅದು ನಾಟಕ ಅಂತ ಮನೆಯಲ್ಲಿ ಯಾರಾದರೂ ಹೇಳಿದ್ದರೆ ದಯವಿಟ್ಟು ನಂಬಬೇಡಿ. ಭಾನುವಾರ ಬಾರದ ನೋವು ಸುಳ್ಳು ಅಂತ ಅರ್ಥ ಅಲ್ಲ, ಶಾಲೆಯಲ್ಲಿ ಏನೋ ಒಂದು ಅವಳಿಗೆ ಭಾರವಾಗಿದೆ ಅಂತ ಅರ್ಥ. ಆ ಏನೋ ಒಂದು ಯಾವುದು ಅಂತ ಗೊತ್ತಾಗುವ ಮೊದಲು ಶಾಲೆ ಬದಲಾಯಿಸಿದರೆ, ಅದೇ ಭಾರ ಹೊಸ ಶಾಲೆಗೂ ಜೊತೆಯಲ್ಲಿ ಬರಬಹುದು.

ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ನಿಮ್ಮ ಮಗಳ ವಯಸ್ಸಿನದೇ ಹುಡುಗಿ ಒಂದು ತಿಂಗಳು ಹೀಗೇ ಅತ್ತಳು. ಟೀಚರನ್ನು ಕೇಳಿದೆವು, ಪುಸ್ತಕ ನೋಡಿದೆವು, ಪಕ್ಕದಲ್ಲಿ ಕೂರುವ ಮಕ್ಕಳನ್ನು ವಿಚಾರಿಸಿದೆವು, ಏನೂ ಸಿಗಲಿಲ್ಲ. ಕೊನೆಗೆ ಗೊತ್ತಾಗಿದ್ದು ಆಯಾಮ್ಮನಿಂದ. ಶೌಚಾಲಯದ ಚಿಲಕ ಒಂದು ದಿನ ಸಿಕ್ಕಿಹಾಕಿಕೊಂಡು ಮಗು ಒಳಗೆ ಐದು ನಿಮಿಷ ಒಂಟಿಯಾಗಿ ಇತ್ತು, ಅವತ್ತಿನಿಂದ ಬೆಳಗ್ಗೆಯಿಂದ ಸಂಜೆವರೆಗೆ ಮೂತ್ರ ತಡೆದುಕೊಂಡು ಕೂರುತ್ತಿತ್ತು. ಹೊಟ್ಟೆ ನೋಯದೆ ಇನ್ನೇನು ಆಗುತ್ತದೆ? ಚಿಲಕ ತೆಗೆಸಿದೆವು, ಒಂದು ವಾರ ಆಯಾಮ್ಮ ಬಾಗಿಲ ಹೊರಗೆ ನಿಂತು ಮಾತಾಡಿಸುತ್ತಿದ್ದರು, ಸರಿಹೋಯಿತು. ಅದಕ್ಕೇ ಹೇಳುತ್ತಿರುವುದು, ಈ ವಾರವೇ ಅರ್ಧ ದಿನ ರಜೆ ಹಾಕಿ ಈಗಿನ ಶಾಲೆಗೆ ಹೋಗಿ. ಕ್ಲಾಸ್ ಟೀಚರ್ ಜೊತೆ ಮಾತಾಡಿ, ಆಯಾಮ್ಮನ ಜೊತೆಗೂ ಮಾತಾಡಿ. ಮಗಳನ್ನು "ಯಾಕೆ ಅಳ್ತೀಯಾ" ಅಂತ ಕೇಳಿದರೆ ಉತ್ತರ ಬರುವುದಿಲ್ಲ. ರಾತ್ರಿ ಮಲಗುವಾಗ ಶಾಲೆ ಆಟ ಆಡಿ, ಅವಳು ಟೀಚರ್ ಆಗಲಿ, ನೀವು ಮಗು ಆಗಿ. ಹತ್ತು ನಿಮಿಷದಲ್ಲಿ ಎಷ್ಟೋ ವಿಷಯ ಹೊರಗೆ ಬರುತ್ತದೆ.

ಆ ಎರಡು ಪುಟ ಬರವಣಿಗೆಯ ಬಗ್ಗೆ ನನಗೆ ಸಿಟ್ಟೇ ಬರುತ್ತದೆ. ಐದು ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಬೆರಳಿಗೆ ಪೆನ್ಸಿಲ್ ಹಿಡಿತ ಈಗಷ್ಟೇ ಕೂಡುತ್ತಿರುತ್ತದೆ. ಕೈ ನೋವು ಅಂತ ಹೇಳಲು ಬಾರದ ಮಕ್ಕಳು ಹೊಟ್ಟೆನೋವು ಅನ್ನುವುದನ್ನು ನಾನು ತುಂಬಾ ಸಲ ನೋಡಿದ್ದೇನೆ. ಅರ್ಧ ಪುಟ ಸಾಕು ಅಂತ ಒಂದು ಚೀಟಿ ಬರೆದು ಕಳಿಸಿ. ಉಳಿದದ್ದನ್ನು ನೀವು ಬರೆದು ತುಂಬಿಸಬೇಡಿ, ಖಾಲಿ ಬಿಡಿ. ಟೀಚರ್ ಏನು ಹೇಳುತ್ತಾರೆ ನೋಡಿ. ಒಪ್ಪಿಕೊಂಡರೆ ಆ ಶಾಲೆಯ ಮೇಲೆ ಸ್ವಲ್ಪ ಭರವಸೆ ಇಡಬಹುದು.

ಈಗ ನೀವು ನೋಡಿ ಬಂದ ಶಾಲೆ. "ಮಗುವೇ ಆರಿಸಿಕೊಳ್ಳುತ್ತದೆ" ಅನ್ನುವ ಮಾತು ಕೇಳಲು ತುಂಬಾ ಹಿತವಾಗಿದೆ, ಆದರೆ ಆ ಒಂದೇ ಮಾತಿನ ಕೆಳಗೆ ಬೇರೆ ಬೇರೆ ಥರದ ಶಾಲೆಗಳಿವೆ. ಮಾಂಟೆಸ್ಸೊರಿಯಲ್ಲಿ ಆಯ್ಕೆ ಮಗುವಿನದು, ಆದರೆ ಯಾವುದರಿಂದ ಆರಿಸಿಕೊಳ್ಳಬೇಕು ಅನ್ನುವುದನ್ನು ಟೀಚರ್ ಮೊದಲೇ ತುಂಬಾ ಯೋಚಿಸಿ ಜೋಡಿಸಿಟ್ಟಿರುತ್ತಾರೆ. ವಾಲ್ಡಾರ್ಫ್ ಅಂತಾರಲ್ಲ, 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಒಂದು ಸಿಗರೇಟ್ ಕಾರ್ಖಾನೆಯ ಕೆಲಸಗಾರರ ಮಕ್ಕಳಿಗಾಗಿ ಶುರುವಾಗಿದ್ದು, ಅಲ್ಲಿ ಕಥೆ, ಹಾಡು, ಕೈಕೆಲಸ ಜಾಸ್ತಿ, ಅಕ್ಷರ ಕಲಿಸುವುದನ್ನು ಏಳು ವರ್ಷದ ಹತ್ತಿರಕ್ಕೆ ಮುಂದೂಡುತ್ತಾರೆ, ದಿನದ ಕ್ರಮ ಮಾತ್ರ ಟೀಚರ್ ಕೈಯಲ್ಲೇ ಇರುತ್ತದೆ. ತತ್ವಚಿಂತಕ ಜಿಡ್ಡು ಕೃಷ್ಣಮೂರ್ತಿಯವರ ವಿಚಾರದ ಮೇಲೆ ನಡೆಯುವ ಶಾಲೆಗಳು, ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ, ಬೆಂಗಳೂರಿನಲ್ಲಿ 1978ರಲ್ಲಿ ಶುರುವಾದ ವ್ಯಾಲಿ ಸ್ಕೂಲ್, ಇವು ಇನ್ನೊಂದು ಥರ. ಅಲ್ಲಿ ಹೋಲಿಕೆ, ಭಯ, ಬಹುಮಾನ ಬೇಡ ಅನ್ನುತ್ತಾರೆ, ಪಾಠ ಮಾತ್ರ ಪಾಠದ ಹಾಗೇ ನಡೆಯುತ್ತದೆ. ಇನ್ನು 1968ರಲ್ಲಿ ಅಮೆರಿಕದಲ್ಲಿ ಶುರುವಾದ ಸಡ್‌ಬರಿ ವ್ಯಾಲಿ ಮಾದರಿಯಲ್ಲಿ ಪಾಠದ ವೇಳಾಪಟ್ಟಿಯೇ ಇಲ್ಲ, ಮಗು ಕೇಳಿದರೆ ಮಾತ್ರ ಕಲಿಸುತ್ತಾರೆ. ನೀವು ನೋಡಿದ್ದು ಇದರಲ್ಲಿ ಯಾವುದು ಅಂತ ನೇರವಾಗಿ ಕೇಳಿ. "ಎಲ್ಲದರಿಂದಲೂ ಒಳ್ಳೆಯದನ್ನು ತೆಗೆದುಕೊಂಡಿದ್ದೇವೆ" ಅಂದರೆ ಅಲ್ಲಿಗೆ ಬಿಡಬೇಡಿ. ಒಂದನೇ ತರಗತಿಯ ಮಗು ಬೆಳಗ್ಗೆ 9ರಿಂದ 12ರವರೆಗೆ ಏನು ಮಾಡುತ್ತದೆ, ಹೇಳಿ ಅಂತ ಕೇಳಿ.

ಮಾಂಟೆಸ್ಸೊರಿ ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮರಿಯಾ ಮಾಂಟೆಸ್ಸೊರಿ ಇಟಲಿಯ ಡಾಕ್ಟರು. 1907ರಲ್ಲಿ ರೋಮ್‌ನ ಬಡವರ ಬಡಾವಣೆಯೊಂದರಲ್ಲಿ ಮೊದಲ ಮಕ್ಕಳ ಮನೆ ತೆರೆದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ತರಬೇತಿ ಕೊಡಲು ಬಂದವರು ಯುದ್ಧ ಶುರುವಾದ್ದರಿಂದ ವರ್ಷಗಟ್ಟಲೆ ನಮ್ಮ ದೇಶದಲ್ಲೇ ಉಳಿದರು. ಹಾಗಾಗಿ ಇಲ್ಲಿ ಆ ಪದ್ಧತಿಯನ್ನು ಸರಿಯಾಗಿ ಕಲಿತವರು ಮೊದಲಿನಿಂದಲೂ ಇದ್ದಾರೆ. ಆದರೆ ಆ ಹೆಸರಿಗೆ ಯಾರ ಹಕ್ಕೂ ಇಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಮಂಡ್ಯದ ವಿದ್ಯಾನಗರದಲ್ಲಾಗಲಿ ಮೈಸೂರಿನ ಕುವೆಂಪುನಗರದಲ್ಲಾಗಲಿ ನಡೆದು ನೋಡಿ, ಎಷ್ಟು ಬೋರ್ಡ್ ಸಿಗುತ್ತದೆ. ಒಳಗೆ ಹೋದರೆ ಬೆಂಚು, ಬ್ಲ್ಯಾಕ್‌ಬೋರ್ಡು, ಎ ಫಾರ್ ಆ್ಯಪಲ್. ನಿಜವಾದ ಮಾಂಟೆಸ್ಸೊರಿ ಮನೆಯಲ್ಲಿ ಎರಡೂವರೆಯಿಂದ ಆರು ವರ್ಷದ ಮಕ್ಕಳು ಒಟ್ಟಿಗೇ ಇರುತ್ತಾರೆ. ಕಪಾಟು ಮಗುವಿನ ಎದೆ ಎತ್ತರದಲ್ಲಿರುತ್ತದೆ. ಒಂದೊಂದು ಸಾಮಾನೂ ಒಂದೊಂದೇ ಇರುತ್ತದೆ. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಹತ್ತು ಗುಲಾಬಿ ಬಣ್ಣದ ಮರದ ಘನಗಳ ಗೋಪುರ ಇರುತ್ತದಲ್ಲ, ಅದು ಇಡೀ ಕೋಣೆಗೆ ಒಂದೇ. ಇನ್ನೊಂದು ಮಗು ಅದನ್ನು ತೆಗೆದುಕೊಂಡಿದ್ದರೆ ಕಾಯಬೇಕು. ಕಾಯುವುದೂ ಅಲ್ಲಿ ಪಾಠವೇ. ಮಗು ಚಾಪೆ ಹಾಸಿಕೊಂಡು ಕೆಲಸ ಮಾಡಿ, ಮುಗಿಸಿ, ಚಾಪೆ ಸುತ್ತಿ, ಸಾಮಾನನ್ನು ಎಲ್ಲಿಂದ ತೆಗೆದಿತ್ತೋ ಅಲ್ಲೇ ಇಡುತ್ತದೆ. ಸುಮಾರು ಮೂರು ತಾಸು ಮಧ್ಯದಲ್ಲಿ ಬೆಲ್ ಹೊಡೆಯುವುದಿಲ್ಲ. ಇಷ್ಟು ಕಂಡರೆ ಬೋರ್ಡ್ ನಿಜ ಅಂತ ತಿಳಿಯಿರಿ.

ಆದರೆ ಸಾಮಾನು ನೋಡಿ ಮರುಳಾಗಬೇಡಿ, ದುಡ್ಡಿದ್ದರೆ ಯಾರು ಬೇಕಾದರೂ ತರಿಸಿಕೊಳ್ಳಬಹುದು. ಮೂವತ್ತು ವರ್ಷ ಶಾಲೆಗಳಲ್ಲಿ, ಟೀಚರ್‌ಗಳ ತರಬೇತಿಯಲ್ಲಿ ಕಳೆದ ಮೇಲೆ ನಾನು ಒಂದೇ ಒಂದು ಪ್ರಶ್ನೆಯಿಂದ ಅಳೆಯುತ್ತೇನೆ. ಯಾವುದಾದರೂ ಒಂದು ಮಗುವನ್ನು ತೋರಿಸಿ, ಸುಮ್ಮನೆ ಮೂಲೆಯಲ್ಲಿ ಕೂತಿರುವ ಮಗು ಆದರೆ ಇನ್ನೂ ಒಳ್ಳೆಯದು, "ನಿನ್ನೆ ಆ ಮಗು ಏನು ಮಾಡಿತು?" ಅಂತ ಟೀಚರನ್ನು ಕೇಳಿ. ಒಳ್ಳೆಯ ಟೀಚರ್ ತಕ್ಷಣ ಹೇಳುತ್ತಾರೆ. "ನಿನ್ನೆ ಅರ್ಧ ಗಂಟೆ ನೀರು ಸುರಿಯುವ ಕೆಲಸ ಮಾಡಿದ, ಮೂರು ದಿನದಿಂದ ಅದೇ ಮಾಡುತ್ತಿದ್ದಾನೆ, ಅಕ್ಷರದ ಕಡೆ ಇನ್ನೂ ಬಂದಿಲ್ಲ, ನಾಳೆ ಅವನ ಹೆಸರಿನ ಅಕ್ಷರ ತೋರಿಸೋಣ ಅಂತಿದ್ದೇನೆ." ಹೀಗೆ. ಅವರ ಮೇಜಿನ ಮೇಲೆ ಒಂದೊಂದು ಮಗುವಿನ ಬಗ್ಗೆ ಬರೆದಿಟ್ಟ ನೋಟ್‌ಬುಕ್ ಇರುತ್ತದೆ. "ನಾವು ಮಕ್ಕಳನ್ನು ಫ್ರೀಯಾಗಿ ಬಿಡುತ್ತೇವೆ, ಅವರವರ ಪಾಡಿಗೆ ಕಲಿಯುತ್ತಾರೆ" ಅನ್ನುವ ಉತ್ತರ ಬಂದರೆ ಎದ್ದು ಬನ್ನಿ. ಮಗು ಆರಿಸಿಕೊಳ್ಳುವ ಶಾಲೆಯಲ್ಲಿ ದೊಡ್ಡವರ ಕೆಲಸ ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ. ನಲವತ್ತು ಮಕ್ಕಳಿಗೆ ಒಂದೇ ಪಾಠ ಮಾಡುವವರಿಗೆ ಒಂದು ಪಾಠ ಗೊತ್ತಿದ್ದರೆ ಸಾಕು. ಇಪ್ಪತ್ತು ಮಕ್ಕಳು ಇಪ್ಪತ್ತು ಕೆಲಸ ಮಾಡುವ ಕೋಣೆಯಲ್ಲಿ ಟೀಚರ್‌ಗೆ ಇಪ್ಪತ್ತು ದಾರಿ ಗೊತ್ತಿರಬೇಕು. ನೀವು ಕೊಡುವ ಫೀಸು ಆ ಕಣ್ಣಿಗೆ, ಆ ನೆನಪಿಗೆ. ಅದಿಲ್ಲದಿದ್ದರೆ ಮಾವನವರು ಹೇಳಿದ ಮಾತು ನಿಜವಾಗುತ್ತದೆ.

ಮಾವನವರ ಮಾತು ಬಂತಲ್ಲ, ಅವರಿಗೆ ಹೇಳಲು ನನ್ನ ಹತ್ತಿರ ಒಂದು ಕಥೆ ಇದೆ. ಮಗು ತನ್ನ ವೇಗದಲ್ಲಿ ಕಲಿಯುವುದು ಶ್ರೀಮಂತರ ಹೊಸ ಶೋಕಿ ಅಂತ ಅವರು ಅಂದುಕೊಂಡಿದ್ದರೆ, 1995ರಲ್ಲಿ ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಏನಾಯಿತು ಅಂತ ಹೇಳಿ. ಕಾಡಂಚಿನ ತಾಲ್ಲೂಕು. ಒಬ್ಬರೇ ಮೇಷ್ಟ್ರು, ಮೂರು ನಾಲ್ಕು ತರಗತಿ, ಹೊಲದ ಕೆಲಸಕ್ಕೆ ಅಂತ ಹದಿನೈದು ದಿನ ಮನೆಯಲ್ಲಿ ಉಳಿದ ಮಗು ವಾಪಸ್ ಬಂದರೆ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ಆಮೇಲೆ ಆ ಮಗು ಬರುವುದೇ ನಿಲ್ಲುತ್ತಿತ್ತು. ಅಲ್ಲಿನ ಸರ್ಕಾರಿ ಶಾಲೆಯ ಟೀಚರ್‌ಗಳು ರಿಷಿ ವ್ಯಾಲಿ ಸುತ್ತಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ, ತಾವೇ ಕೂತು ಕಾರ್ಡುಗಳನ್ನು ಮಾಡಿದರು. ಅದೇ ನಲಿ-ಕಲಿ. ಗೋಡೆಯ ಮೇಲೆ ಕಲಿಕೆಯ ಏಣಿ. ಮಗು ಎಲ್ಲಿ ನಿಲ್ಲಿಸಿತ್ತೋ ಆ ಮೆಟ್ಟಿಲಿಂದಲೇ ಮತ್ತೆ ಶುರು. ತಟ್ಟೆ ಅಂತ ಐದು ಗುಂಪು, ಒಂದು ತಟ್ಟೆಯಲ್ಲಿ ಟೀಚರ್ ಜೊತೆಗೇ ಕೂತು ಕಲಿಸುತ್ತಾರೆ, ಇನ್ನೊಂದರಲ್ಲಿ ಗೆಳೆಯರು ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಮಾಡಿಕೊಳ್ಳುತ್ತದೆ. ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಗೋಡೆಗೆ ಕಪ್ಪು ಬಳಿದು ಬರೆಯಲು ಜಾಗ. ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳೇ ಮಾಡಿದ ಚಿತ್ರ, ಕಾಗದದ ಹೂವು. 2009-10ರ ಹೊತ್ತಿಗೆ ಇದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು.

ಅಲ್ಲೊಂದು ಶಾಲೆಯಲ್ಲಿ ನಾನು ಕಂಡ ಒಬ್ಬ ಹುಡುಗ ಇವತ್ತಿಗೂ ಕಣ್ಣಮುಂದೆ ಇದ್ದಾನೆ. ಎರಡು ವಾರ ಬಂದಿರಲಿಲ್ಲ. ಬಂದವನು ಬ್ಯಾಗ್ ಇಟ್ಟು, ಯಾರನ್ನೂ ಕೇಳದೆ ಏಣಿಯ ಹತ್ತಿರ ಹೋಗಿ, ಬೆರಳಿಟ್ಟು ತನ್ನ ಮೆಟ್ಟಿಲು ಹುಡುಕಿ, ಕಾರ್ಡ್ ತೆಗೆದುಕೊಂಡು ಹೋಗಿ ತಟ್ಟೆಯಲ್ಲಿ ಕೂತ. ಯಾರೂ ಬೈಯಲಿಲ್ಲ, ಯಾಕೆ ಬರಲಿಲ್ಲ ಅಂತ ನಿಲ್ಲಿಸಿ ಕೇಳಲಿಲ್ಲ. ನಾನು ಹಿಂದೆ ಕೆಲಸ ಮಾಡಿದ್ದ ಶಾಲೆಗಳಲ್ಲಿ ಅಷ್ಟು ಮರ್ಯಾದೆಯಿಂದ ವಾಪಸ್ ಬಂದ ಮಗುವನ್ನು ನಾನು ನೋಡಿರಲಿಲ್ಲ. ಅದಕ್ಕೆ ಒಂದು ರೂಪಾಯಿ ಫೀಸು ಇರಲಿಲ್ಲ.

ಎಲ್ಲ ಕಡೆಯೂ ಹಾಗೇ ಉಳಿದಿದೆ ಅಂತ ನಾನು ಹೇಳುವುದಿಲ್ಲ. ಕಾರ್ಡು ಹರಿದು ಹೋದ, ಟೀಚರ್‌ಗೆ ಬೇರೆ ಬೇರೆ ಸರ್ಕಾರಿ ಕೆಲಸದ ಹೊರೆ ಬಿದ್ದ ಶಾಲೆಗಳಲ್ಲಿ ನಲಿ-ಕಲಿ ಬರೀ ಹೆಸರಿಗೆ ನಡೆಯುವುದನ್ನೂ ಕಂಡಿದ್ದೇನೆ. ಆದರೆ ನಿಮ್ಮ ಮನೆ ಹತ್ತಿರದ ಸರ್ಕಾರಿ ಶಾಲೆಯನ್ನು ಒಂದು ಸಲ ಒಳಗೆ ಹೋಗಿ ನೋಡದೆ ಪಟ್ಟಿಯಿಂದ ತೆಗೆಯಬೇಡಿ. ಒಂದರಿಂದ ಮೂರನೇ ತರಗತಿಯ ಕೋಣೆ ನೋಡಿ, "ನಿನ್ನೆ ಆ ಮಗು ಏನು ಮಾಡಿತು" ಅನ್ನುವ ಅದೇ ಪ್ರಶ್ನೆ ಕೇಳಿ. ಒಬ್ಬ ಒಳ್ಳೆಯ ಟೀಚರ್ ಸಿಕ್ಕರೆ ನಿಮ್ಮ ಹುಡುಕಾಟ ಅಲ್ಲೇ ಮುಗಿಯಬಹುದು.

ಓದು ಕಲಿಯುತ್ತಾಳಾ ಅಂತ ಕೇಳಿದಿರಿ. ಇದಕ್ಕೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮಾತು ಮಗುವಿಗೆ ತಾನಾಗೇ ಬರುತ್ತದೆ, ಓದು ಬಹುಪಾಲು ಮಕ್ಕಳಿಗೆ ತಾನಾಗೇ ಬರುವುದಿಲ್ಲ. ಯಾರಾದರೂ ಕಲಿಸಬೇಕು. ನಮ್ಮ ಲಿಪಿಯನ್ನೇ ನೋಡಿ. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಲೆಕ್ಕ ಹಾಕಿದರೆ ನಾನೂರು ರೂಪ ದಾಟುತ್ತದೆ, ಒತ್ತಕ್ಷರ ಬೇರೆ. ಇದೆಲ್ಲ ಕೈಗೆ ಹತ್ತಲು ಮೂರನೇ ನಾಲ್ಕನೇ ತರಗತಿಯವರೆಗೆ ಬೇಕಾಗುತ್ತದೆ, ಅದರಲ್ಲಿ ಅವಸರ ಪಡಬೇಕಾಗಿಲ್ಲ. ಆದರೆ ಕ್ರಮ ಬೇಕು. ನಲಿ-ಕಲಿಯಲ್ಲಿ ಅ ಆ ಇ ಈ ಇಂದ ಶುರು ಮಾಡುವುದಿಲ್ಲ, ರ ಗ ಸ ದ ಅ ಇಂದ ಶುರು ಮಾಡುತ್ತಾರೆ. ಯಾಕೆ ಗೊತ್ತಾ? ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಸರಸರ ಅಂತ ಮೊದಲ ವಾರಗಳಲ್ಲೇ ಮಗು ನಿಜವಾದ ಪದ ಓದುತ್ತದೆ. ಪೂರ್ತಿ ವರ್ಣಮಾಲೆ ಮುಗಿಸಿ, ಕಾಗುಣಿತ ಮುಗಿಸಿ, ಆಮೇಲೆ ಪದ ಅಂದರೆ ಅಷ್ಟು ಹೊತ್ತಿಗೆ ಮಗುವಿಗೆ ಸಾಕಾಗಿರುತ್ತದೆ. ಮಾಂಟೆಸ್ಸೊರಿಯಲ್ಲೂ ಮರಳುಕಾಗದದ ಅಕ್ಷರ ಇರುತ್ತದೆ. ಬೆರಳಿಂದ ಸವರುತ್ತಾ ಅದರ ಸದ್ದು ಹೇಳಬೇಕು. ಅದೂ ಕಲಿಸುವುದೇ. ಹಾಗಾಗಿ ಶಾಲೆಯವರನ್ನು "ಓದು ಹೇಗೆ ಕಲಿಸುತ್ತೀರಿ, ಯಾವ ಅಕ್ಷರದಿಂದ, ಏಳು ವರ್ಷಕ್ಕೆ ಓದದಿದ್ದರೆ ಏನು ಮಾಡುತ್ತೀರಿ" ಅಂತ ಕೇಳಿ. "ರೆಡಿ ಆದಾಗ ಓದುತ್ತಾಳೆ" ಅಂತ ಮಾತ್ರ ಹೇಳಿದರೆ ನನಗೆ ಭಯ.

ಆ ಭಯಕ್ಕೆ ಕಾರಣ ಇದೆ. ಪರೀಕ್ಷೆಯೇ ಇಲ್ಲದ ಕಡೆ ಕಲಿಕೆಯ ತೊಂದರೆ ಇರುವ ಮಗು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿದುಬಿಡಬಹುದು. ನನ್ನ ಹತ್ತಿರ ಒಂಬತ್ತು ವರ್ಷದ ಹುಡುಗನನ್ನು ಕರೆತಂದಿದ್ದರು. ತುಂಬಾ ಚುರುಕು, ಮರದ ಕೆಲಸ ಅಂದರೆ ಪ್ರಾಣ, ಮೂರಕ್ಷರದ ಪದ ಓದಲು ಬರುತ್ತಿರಲಿಲ್ಲ. ಅವನು ಓದುತ್ತಿದ್ದ ಶಾಲೆಯವರು ಪ್ರೀತಿಯಿಂದಲೇ ಕಾಯುತ್ತಿದ್ದರು. ಅವನಿಗೆ ಬೇಕಿದ್ದದ್ದು ಕಾಯುವಿಕೆ ಆಗಿರಲಿಲ್ಲ, ಅಕ್ಷರವನ್ನು ಬೇರೆ ರೀತಿಯಲ್ಲಿ, ದಿನಾ, ಅವನೊಬ್ಬನ ಜೊತೆಗೇ ಕೂತು ಕಲಿಸುವ ಸಹಾಯ. ಎರಡು ವರ್ಷ ಸುಮ್ನೆ ಹೋಯಿತು. ನಮ್ಮ ಪುಣ್ಯಕ್ಕೆ ಮೈಸೂರಿನಲ್ಲೇ, ಮಾನಸಗಂಗೋತ್ರಿಯಲ್ಲಿ, 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು, ಕೇಳುವಿಕೆ, ಕಲಿಕೆಯ ತೊಂದರೆ ಎಲ್ಲವನ್ನೂ ಅಲ್ಲಿ ಪರೀಕ್ಷೆ ಮಾಡುತ್ತಾರೆ. ನಿಮ್ಮ ಮಗಳು ಯಾವ ಶಾಲೆಯಲ್ಲೇ ಇರಲಿ, ಎರಡನೇ ತರಗತಿ ಮುಗಿಯುವಾಗ ಸಣ್ಣ ಸಣ್ಣ ಪದ ಓದಲು ಒದ್ದಾಡುತ್ತಿದ್ದರೆ ಕಾಯದೆ ಕರೆದುಕೊಂಡು ಹೋಗಿ. ಕಣ್ಣು ಕಿವಿಯನ್ನಂತೂ ಈಗಲೇ ಒಂದು ಸಲ ತೋರಿಸಿಬಿಡಿ.

ಭಾಷೆಯ ವಿಷಯದಲ್ಲಿ ನಿಮ್ಮ ಪತ್ರದಲ್ಲಿ ಒಂದೇ ಸಾಲು ಇತ್ತು, ನನಗೆ ಅದೇ ದೊಡ್ಡದಾಗಿ ಕಂಡಿತು. ಎಲ್ಲವೂ ಇಂಗ್ಲಿಷಿನಲ್ಲಿ ಅಂದಿರಿ. ಯೋಚನೆ ಮಾಡಿ. ಆರಿಸಿಕೊಂಡು ಕಲಿಯುವ ಮಗು ದಿನವಿಡೀ ಮಾತಾಡಬೇಕು. ಇದು ಬೇಕು, ಅದು ಬೇಡ, ಇದು ಯಾಕೆ ಹೀಗೆ, ಅವನು ನನ್ನದನ್ನು ಕಿತ್ತುಕೊಂಡ, ನನಗೆ ಬೇಜಾರು. ಮನೆಯಲ್ಲಿ ಅಜ್ಜನ ಜೊತೆ ಮಂಡ್ಯದ ಕನ್ನಡದಲ್ಲಿ ಪಟಪಟ ಮಾತಾಡುವ ಹುಡುಗಿ, ಸುತ್ತಲೂ ಮನೆಯಲ್ಲೂ ಇಂಗ್ಲಿಷ್ ಮಾತಾಡುವ ಮಕ್ಕಳೇ ಇರುವ ಕಡೆ ಹೋದರೆ ಮೊದಲ ವರ್ಷ ಬಾಯಿ ಮುಚ್ಚಿ ಕೂರುತ್ತಾಳೆ. ಬಾಯಿ ಮುಚ್ಚಿದ ಮಗುವಿಗೆ ಆಯ್ಕೆ ಎಲ್ಲಿಂದ ಬಂತು? ಮಾಮೂಲಿ ಶಾಲೆಯಲ್ಲಿ ಭಾಷೆ ಗೊತ್ತಿಲ್ಲದಿದ್ದರೂ ಎಲ್ಲರೊಂದಿಗೆ ಸೇರಿ ಹೇಳಿಕೊಟ್ಟದ್ದನ್ನು ಹೇಳುತ್ತಾ ಹೋಗಬಹುದು, ಇಂಥ ಶಾಲೆಯಲ್ಲಿ ಅದೂ ಸಾಧ್ಯವಿಲ್ಲ. ಮೊದಲ ಓದು ಮನೆಮಾತಿನಲ್ಲಿ ಗಟ್ಟಿಯಾದರೆ ಎರಡನೇ ಭಾಷೆಯ ಓದಿಗೆ ಅದೇ ಮೆಟ್ಟಿಲಾಗುತ್ತದೆ, ಇದು ನನ್ನ ಅನುಭವದಲ್ಲಿ ಮತ್ತೆ ಮತ್ತೆ ನಿಜವಾಗಿದೆ. ಇಂಗ್ಲಿಷ್ ಬೇಡ ಅನ್ನುತ್ತಿಲ್ಲ. ಹಾಡು, ಕಥೆ, ಮಾತಿನ ಮೂಲಕ ಈಗಿನಿಂದಲೇ ಕಿವಿಗೆ ಬೀಳಲಿ. ಯಾವ ಮಾಧ್ಯಮ ಅನ್ನುವುದು ತಂದೆ ತಾಯಿಯ ಆಯ್ಕೆ ಅಂತ 2014ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ತೀರ್ಮಾನ ನಿಮ್ಮದೇ. ಟೀಚರ್ ಕನ್ನಡದಲ್ಲಿ ಮಾತಾಡುವ ಮಗುವಿಗೆ ಕನ್ನಡದಲ್ಲೇ ಉತ್ತರ ಕೊಡುತ್ತಾರಾ ಅಂತಾದರೂ ನೋಡಿ.

ಇನ್ನು ದೂರ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಶಾಲೆ ಊರ ಹೊರಗೆ ಅಂದರೆ ಇನ್ನೂ ಸ್ವಲ್ಪ. ವ್ಯಾನು ನಾಲ್ಕು ಕಡೆ ನಿಂತು ಹೋದರೆ ದಿನಕ್ಕೆ ಎರಡೂವರೆ ಗಂಟೆಗೆ ಕಡಿಮೆ ಆಗುವುದಿಲ್ಲ. ಬೆಳಗ್ಗೆ ಏಳಕ್ಕೆ ಮುಂಚೆ ವ್ಯಾನಿನಲ್ಲಿ ನಿದ್ದೆಗಣ್ಣಲ್ಲಿ ಕೂರುವ ಆರು ವರ್ಷದ ಮಗು ಒಂಬತ್ತಕ್ಕೆ ಏನನ್ನು ಆರಿಸಿಕೊಳ್ಳುತ್ತದೆ? ಮಧ್ಯಾಹ್ನ ಜ್ವರ ಬಂತು ಅಂತ ಫೋನ್ ಬಂದರೆ ನೀವು ಬ್ಯಾಂಕಿನಿಂದ ಹೊರಟು ತಲುಪುವುದು ಯಾವಾಗ? ಗೆಳತಿಯರೆಲ್ಲ ಮೈಸೂರಿನಲ್ಲಿ, ಸಂಜೆ ಆಟಕ್ಕೆ ಬೀದಿಯಲ್ಲಿ ಯಾರೂ ಪರಿಚಯ ಇಲ್ಲ. ನನಗೆ ಫೀಸಿಗಿಂತ ಇದೇ ದೊಡ್ಡ ಬೆಲೆ ಅನ್ನಿಸುತ್ತದೆ.

ಫೀಸಿನ ಲೆಕ್ಕವೂ ಒಂದು ಸಲ ಹಾಕಿಬಿಡಿ. ವರ್ಷಕ್ಕೆ 1 ಲಕ್ಷ 40 ಸಾವಿರ, ಹತ್ತು ವರ್ಷಕ್ಕೆ 14 ಲಕ್ಷ, ಅದೂ ಒಂದು ಪೈಸೆ ಏರದಿದ್ದರೆ. ಸಾಲ ಮಾಡಿ ಸೇರಿಸಿ ನಾಲ್ಕನೇ ವರ್ಷ ಬಿಡಿಸುವ ಪರಿಸ್ಥಿತಿ ಬಂದರೆ ಮಗುವಿಗೆ ಅದು ತುಂಬಾ ಪೆಟ್ಟು. ಕೈಗೆ ಎಟಕುವುದಿಲ್ಲ ಅಂದರೆ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕಾಗದಪತ್ರದ ವಿಷಯ ಬೇಗ ಹೇಳುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, 6ರಿಂದ 14 ವರ್ಷದ ಮಕ್ಕಳಿಗೆ. ಅದರ ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸುವಂತಿಲ್ಲ. ಕೆಲವರು "ನಮ್ಮದು ಶಾಲೆ ಅಲ್ಲ, ಕಲಿಕಾ ಕೇಂದ್ರ" ಅನ್ನುತ್ತಾರೆ. ನೀವು ನೋಡಿದ್ದು ಯಾವುದು, ಎಷ್ಟನೇ ತರಗತಿವರೆಗೆ ಮಾನ್ಯತೆ ಇದೆ, ಬಿಡುವಾಗ ಟಿಸಿ ಕೊಡುತ್ತಾರಾ, ಮಗುವಿಗೆ ಎಸ್‌ಎಟಿಎಸ್ ನಂಬರ್, ಅಂದರೆ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಗುರುತಿನ ಸಂಖ್ಯೆ, ಬರುತ್ತದಾ ಅಂತ ಕೇಳಿ, ಅನುಮಾನ ಬಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯಲ್ಲಿ ವಿಚಾರಿಸಿ. ಅಡ್ಮಿಷನ್‌ಗೆ ಮಗುವಿಗೆ ಅಥವಾ ನಿಮಗೆ ಪರೀಕ್ಷೆ, ಇಂಟರ್‌ವ್ಯೂ ಮಾಡುವಂತಿಲ್ಲ, ಡೊನೇಷನ್ ಕೇಳುವಂತಿಲ್ಲ, ಅದೇ ಕಾಯ್ದೆಯಲ್ಲಿದೆ. ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದಂತೂ ಇಲ್ಲವೇ ಇಲ್ಲ. ಇದು ಈಗಿನ ಶಾಲೆಗೂ ಅನ್ವಯಿಸುತ್ತದೆ, ನೆನಪಿರಲಿ.

ಎಸ್‌ಎಸ್‌ಎಲ್‌ಸಿ ಬಗ್ಗೆ ನೀವು ಈಗಲೇ ನಿದ್ದೆ ಕೆಡಿಸಿಕೊಳ್ಳಬೇಡಿ. ಇಂಥ ಶಾಲೆಗಳಿಂದ ಐದನೇ, ಎಂಟನೇ ತರಗತಿಗೆ ಮಾಮೂಲಿ ಶಾಲೆಗೆ ಬಂದ ಮಕ್ಕಳನ್ನು ಸಾಕಷ್ಟು ನೋಡಿದ್ದೇನೆ. ಅವರಿಗೆ ವಿಷಯ ಅರ್ಥ ಆಗದೆ ಕಷ್ಟ ಆಗಿದ್ದು ಕಡಿಮೆ. ಕಷ್ಟ ಆಗಿದ್ದು ಬೇಗ ಬೇಗ ಬರೆಯುವುದಕ್ಕೆ, ಬೋರ್ಡ್ ನೋಡಿ ನೋಟ್ಸ್ ಇಳಿಸಿಕೊಳ್ಳುವುದಕ್ಕೆ, ಮೂರು ಗಂಟೆ ಒಂದೇ ಕಡೆ ಕೂತು ಉತ್ತರ ಬರೆಯುವುದಕ್ಕೆ, ಪ್ರಶ್ನೆ ಕೇಳಿದರೆ ಬೈಸಿಕೊಳ್ಳುವುದಕ್ಕೆ. ಮೊದಲ ಆರು ತಿಂಗಳು ಮಂಕಾಗಿರುತ್ತಾರೆ, ಆಮೇಲೆ ಹೆಚ್ಚಿನವರು ಹೊಂದಿಕೊಳ್ಳುತ್ತಾರೆ. ಓದು ಬರಹ, ನಾಲ್ಕು ಲೆಕ್ಕ ಗಟ್ಟಿ ಇಲ್ಲದೆ ಬಂದವರು ಮಾತ್ರ ಹಿಂದೆ ಉಳಿದರು. ಹಾಗಾಗಿ ಶಾಲೆಯಿಂದ ಈಗಾಗಲೇ ಹೊರಗೆ ಹೋದ ಮಕ್ಕಳು ಎಲ್ಲಿದ್ದಾರೆ ಅಂತ ಕೇಳಿ, ಅಂಥ ಇಬ್ಬರು ಮಕ್ಕಳ ಅಪ್ಪ ಅಮ್ಮನ ಜೊತೆ ಮಾತಾಡಿ. ಶಾಲೆಯವರು ಆರಿಸಿ ಕೊಟ್ಟ ಹೆಸರು ಬೇಡ, ಮಧ್ಯದಲ್ಲಿ ಬಿಡಿಸಿದವರು ಯಾರಾದರೂ ಸಿಕ್ಕರೆ ಒಳ್ಳೆಯದು. ಮಾನ್ಯತೆ ಇಲ್ಲದ ಕಡೆ ಓದಿದವರಿಗೂ ದಾರಿ ಮುಚ್ಚಿಲ್ಲ. ಎನ್‌ಐಒಎಸ್ ಅನ್ನುವ ಕೇಂದ್ರ ಸರ್ಕಾರದ ಮುಕ್ತ ಶಾಲೆಯಿಂದ 14 ವರ್ಷ ತುಂಬಿದವರು ಹತ್ತನೇ ತರಗತಿ ಕಟ್ಟಬಹುದು. ಐದು ವಿಷಯ, ಒಂದೇ ಸಲ ಎಲ್ಲ ಬರೆಯಬೇಕಾಗಿಲ್ಲ, ಐದು ವರ್ಷದ ಅವಧಿ ಇರುತ್ತದೆ.

ಮನೆಯಲ್ಲೇ ಕಲಿಸುವ ಮಾತು ನಿಮ್ಮ ಮನೆಗೆ ಹೊಂದುವುದಿಲ್ಲ. ಕಾನೂನು ಅದನ್ನು ಸ್ಪಷ್ಟವಾಗಿ ಒಪ್ಪಿಯೂ ಇಲ್ಲ, ಸ್ಪಷ್ಟವಾಗಿ ತಡೆದೂ ಇಲ್ಲ, ಅದು ಹಾಗಿರಲಿ. ಇಬ್ಬರೂ ಬೆಳಗ್ಗೆ ಹೋಗಿ ಸಂಜೆ ಬರುವವರು. ದಿನವಿಡೀ ಮಗುವಿನ ಜೊತೆ ಇರುವವರು ಮಾವನವರು, ಅವರಿಗೆ ಈ ದಾರಿಯಲ್ಲಿ ನಂಬಿಕೆ ಇಲ್ಲ. ಬೇಡ.

ಮಾವನವರನ್ನು ಎದುರು ಹಾಕಿಕೊಳ್ಳಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ಅವರ ಗಾದೆ ಸುಳ್ಳಲ್ಲ, ಚಿಕ್ಕಂದಿನಲ್ಲಿ ಅಭ್ಯಾಸ ಕೂಡಬೇಕು ನಿಜ. ತೆಗೆದ ಸಾಮಾನನ್ನು ತೆಗೆದ ಕಡೆಯೇ ಇಡುವುದು, ಕಾಯುವುದು, ಶುರು ಮಾಡಿದ್ದನ್ನು ಮುಗಿಸುವುದು, ಒಳ್ಳೆಯ ಮಾಂಟೆಸ್ಸೊರಿ ಮನೆಯಲ್ಲಿ ಇದನ್ನೇ ತಾನೇ ಕಲಿಸುವುದು? ಇನ್ನೊಂದು, ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಜ್ಜ ಮನೆಯಲ್ಲಿದ್ದಾರೆ. ಮೊಮ್ಮಗಳನ್ನು ಒಂದು ಭಾನುವಾರ ಆಲೆಮನೆಗೆ ಕರೆದುಕೊಂಡು ಹೋಗಲು ಹೇಳಿ. ಕಬ್ಬು ಅರೆಯುವುದು, ಕಬ್ಬಿನ ಹಾಲು ಕುದಿಯುವುದು, ಪಾಕ ಬಂತಾ ಅಂತ ನೋಡುವುದು, ಅಚ್ಚಿಗೆ ಹೊಯ್ಯುವುದು. ಎಷ್ಟು ಕಬ್ಬಿಗೆ ಎಷ್ಟು ಬೆಲ್ಲ ಅಂತ ಅವಳೇ ಕೇಳುತ್ತಾಳೆ, ಅಜ್ಜ ಹೇಳುತ್ತಾರೆ. ಮನೆಗೆ ಬಂದು ಚಿತ್ರ ಬರೆಯಲಿ, ಕೆಳಗೆ ಅವಳಿಗೆ ಬರುವ ಎರಡು ಪದ ಬರೆಯಲಿ. ರಂಗನತಿಟ್ಟು ಪಕ್ಷಿಧಾಮ ಮೈಸೂರಿನ ದಾರಿಯಲ್ಲೇ ಇದೆ, ಬೇಸಿಗೆಯಲ್ಲಿ ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಚಿಣ್ಣರ ಮೇಳ ಅನ್ನುವ ಮಕ್ಕಳ ಶಿಬಿರ ಇರುತ್ತದೆ, ಅವಳು ಸ್ವಲ್ಪ ದೊಡ್ಡವಳಾದ ಮೇಲೆ ಅಲ್ಲಿಗೆ ಕಳಿಸಬಹುದು.

ನೇರವಾಗಿ ಕೇಳಿದ್ದೀರಿ, ನೇರವಾಗಿ ಹೇಳುತ್ತೇನೆ. ನೀವು ಮಂಡ್ಯದಲ್ಲೇ ಇರುವ ತನಕ ಆ ಶಾಲೆ ಬೇಡ. ಶಾಲೆ ಕೆಟ್ಟದು ಅಂತ ಅಲ್ಲ, ದೂರ ಮತ್ತು ಭಾಷೆ ಎರಡೂ ಸೇರಿ ಅದರ ಒಳ್ಳೆಯದನ್ನು ನಿಮ್ಮ ಮಗಳಿಗೆ ದಕ್ಕಲು ಬಿಡುವುದಿಲ್ಲ. ಮುಂದೆ ಮೈಸೂರಿಗೆ ಮನೆ ಮಾಡುವ ಯೋಚನೆ ಇದ್ದರೆ, ನಿಮಗೆ ಕೆಲಸದಲ್ಲಿ ವರ್ಗಾವಣೆ ಸಿಗುವ ಹಾಗಿದ್ದರೆ, ಆಗ ಮತ್ತೆ ನೋಡಿ. ಈಗ ಮಂಡ್ಯದಲ್ಲೇ, ಮನೆಯಿಂದ ಇಪ್ಪತ್ತು ನಿಮಿಷದೊಳಗೆ, ಒಂದನೇ ತರಗತಿಯ ಟೀಚರ್ ಒಳ್ಳೆಯವರಿರುವ ಶಾಲೆ ಹುಡುಕಿ. ದೊಡ್ಡ ಹೆಸರಿನದ್ದೇ ಆಗಬೇಕಿಲ್ಲ, ಸರ್ಕಾರಿ, ಅನುದಾನಿತ, ಚಿಕ್ಕ ಖಾಸಗಿ ಶಾಲೆ, ಯಾವುದಾದರೂ ಆಗಲಿ. ಸಮಯ ಇದೆ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಅನ್ನುವ ನಿಯಮಕ್ಕೂ ನಿಮ್ಮ ಮಗಳು ಸರಿಹೊಂದುತ್ತಾಳೆ ಅನ್ನಿಸುತ್ತದೆ, ಜನ್ಮದಿನಾಂಕ ಒಂದು ಸಲ ನೋಡಿಕೊಳ್ಳಿ.

ಶಾಲೆ ನೋಡಲು ಹೋಗುವಾಗ ವಾರ್ಷಿಕೋತ್ಸವ, ಓಪನ್ ಡೇ ಥರದ ದಿನ ಬೇಡ. ಮಾಮೂಲಿ ಮಂಗಳವಾರವೋ ಬುಧವಾರವೋ ಹೋಗಿ. ಎರಡು ಗಂಟೆ ಹಿಂದೆ ಕೂರಲು ಬಿಡುತ್ತೀರಾ ಅಂತ ಕೇಳಿ. ಕೂತಾಗ ಗೋಡೆ, ಸಾಮಾನು ನೋಡಬೇಡಿ, ಒಂದೇ ಮಗುವನ್ನು ಆರಿಸಿಕೊಂಡು ಅದನ್ನೇ ನೋಡಿ. ಅದು ಎಷ್ಟು ಸಲ ನಕ್ಕಿತು, ಎಷ್ಟು ಹೊತ್ತು ಒಂದೇ ಕೆಲಸದಲ್ಲಿ ಮುಳುಗಿತ್ತು, ತಪ್ಪಾದಾಗ ಟೀಚರ್ ಮುಖವನ್ನು ಹೆದರಿಕೆಯಿಂದ ನೋಡಿತಾ. ಇಬ್ಬರು ಮಕ್ಕಳು ಜಗಳ ಆಡಿದರೆ ದೊಡ್ಡವರು ಏನು ಮಾಡಿದರು, ಆಯಾಮ್ಮ ಮಕ್ಕಳ ಹತ್ತಿರ ಯಾವ ದನಿಯಲ್ಲಿ ಮಾತಾಡುತ್ತಾರೆ, ಶೌಚಾಲಯದ ಚಿಲಕ ಮಗುವಿನ ಕೈಗೆ ಸಲೀಸಾಗಿ ತೆಗೆಯಲು ಬರುತ್ತದಾ. ಮೊದಲನೇ ಸಲ ಮಗಳನ್ನು ಕರೆದುಕೊಂಡು ಹೋಗಬೇಡಿ. ನಿಮಗೆ ಒಪ್ಪಿಗೆಯಾದ ಶಾಲೆಗೆ ಮಾತ್ರ ಎರಡನೇ ಸಲ ಅವಳ ಜೊತೆ ಹೋಗಿ, ಅರ್ಧ ದಿನ ಇರಲು ಬಿಡಿ. ಮಾವನವರೂ ಬರಲಿ.